ಮುಕ್ಕಾಲು ಇಂಚಿನ ಕೊರತೆ

ಮೊನ್ನೆ ಭಾನುವಾರ ಅಪ್ಪ ಚಿಕ್ಕಪೇಟೆಯಿಂದ ಹೊಸ ಅಳತೆ ಟೇಪು ತಂದರು. ಒಂದು ಮಗ್ಗುಲಿಗೆ ಇಂಚು, ಇನ್ನೊಂದು ಮಗ್ಗುಲಿಗೆ ಸೆಂಟಿಮೀಟರು. ಇನ್ನು ಕೆಲವು ವರ್ಷಗಳಲ್ಲಿ ದೇಶದಲ್ಲೆಲ್ಲ ಸೆಂಟಿಮೀಟರೇ ನಡೆಯುತ್ತದೆ, ಗಜ ಇಂಚು ಎಂದವರನ್ನು ಯಾರೂ ಕೇಳುವುದಿಲ್ಲ ಎಂದು ಅಂಗಡಿಯವನು ಹೆದರಿಸಿ ಮಾರಿದ್ದನಂತೆ. ಅಪ್ಪ ಅದನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ ಸೆಂಟಿಮೀಟರಿನ ಮಗ್ಗುಲು ಯಾರಿಗೂ ಕಾಣದಂತೆ ಒಳಗೆ ಮಾಡಿ ಕೊರಳಿಗೆ ಹಾಕಿಕೊಂಡರು.

"ಮೂವತ್ತಾರು ಅಂದ್ರೆ ಒಬ್ಬ ಮನುಷ್ಯ ಕಣ್ ಮುಂದೆ ಬಂದು ನಿಂತ್ಕೋತಾನೆ. ತೊಂಬತ್ತೊಂದು ಅಂದ್ರೆ ಯಾರ್ ಬರ್ತಾರೋ? ಆನೆ ಬರುತ್ತೆ" ಎಂದರು.

ಮಧ್ಯಾಹ್ನ ಅವರು ಒರಗಿದಾಗ ಆ ಟೇಪನ್ನು ಮೆಲ್ಲಗೆ ತೆಗೆದುಕೊಂಡು, ಕೋಣೆಯ ಬಾಗಿಲು ಮುಂದೆ ಮಾಡಿ, ನನ್ನ ಎದೆಗೆ ಸುತ್ತಿ ನೋಡಿದೆ. ಎಪ್ಪತ್ತಾರು. ಕೇಳುವುದಕ್ಕೆ ಎಷ್ಟು ಭಾರಿಯಾಗಿದೆ! ಮೂರು ವರ್ಷ ಮೊದಲೇ ಈ ಸೆಂಟಿಮೀಟರು ಬಂದಿದ್ದರೆ ನನಗೆ ಅಷ್ಟೊಂದು ನಾಚಿಕೆಯಾಗುತ್ತಿರಲಿಲ್ಲವೇನೋ ಎನಿಸಿ ಒಬ್ಬನೇ ನಕ್ಕೆ. ನಕ್ಕದ್ದು ನನಗೇ ಆಶ್ಚರ್ಯವಾಯಿತು. ಇದೇ ಎದೆಯನ್ನು ಹೀಗೆಯೇ ಬಾಗಿಲು ಮುಂದೆ ಮಾಡಿಕೊಂಡು ಅಳೆದು ನಾನು ಅತ್ತದ್ದುಂಟು. ಬೇಕಾದರೆ ವಾರ, ತಾರೀಖು, ಹೊತ್ತು ಎಲ್ಲ ಹೇಳಬಲ್ಲೆ.

ನನ್ನ ಈ ಚಾಳಿಯನ್ನು ನಿಮಗೆ ಮೊದಲೇ ತಿಳಿಸಿಬಿಡುವುದು ಮೇಲು. ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನ ಗಿರಾಕಿಯೊಬ್ಬರು ನನಗೆ ಒಂದು ಡೈರಿ ಕೊಟ್ಟರು. ಅವರು ಬಿತ್ತನೆ ಬೀಜದ ವ್ಯಾಪಾರಿ. ಡೈರಿ ಹಿಂದಿನ ವರ್ಷದ್ದು. ತಾರೀಖಿಗೂ ವಾರಕ್ಕೂ ತಾಳೆಯಿರಲಿಲ್ಲ. ನಾನು ಎರಡು ಸಂಜೆ ಕೂತು ಅಷ್ಟೂ ಪುಟಗಳಲ್ಲಿ ವಾರ ಹೊಡೆದು ಹೊಸ ವಾರ ಬರೆದೆ. ಅಷ್ಟು ಕಷ್ಟಪಟ್ಟ ಮೇಲೆ ಅದರೊಳಗೆ ಏನನ್ನಾದರೂ ಬರೆಯದೆ ಬಿಡುವುದು ಹೇಗೆ? ಬರೆಯುವಂಥದ್ದು ನನ್ನ ಬಾಳಿನಲ್ಲಿ ಏನೂ ನಡೆಯುತ್ತಿರಲಿಲ್ಲವಾದ್ದರಿಂದ ಎಣಿಸತೊಡಗಿದೆ. ಮಾಗಡಿ ರಸ್ತೆಯಲ್ಲಿ ಒಂದು ಗಂಟೆಗೆ ಎಷ್ಟು ಸೊಪ್ಪಿನ ಗಾಡಿ ಪೇಟೆಯ ಕಡೆ ಹೋದವು. ಹಿತ್ತಲ ನುಗ್ಗೆ ಮರದಲ್ಲಿ ಎಷ್ಟು ಕಾಯಿ. ಅಪ್ಪನ ಸೀನು ಸದಾ ಐದು. ಒಂದು ದಿನ ಆರಾದಾಗ ಪಕ್ಕದಲ್ಲಿ 'ವಿಚಾರಿಸಬೇಕು' ಎಂದು ಬರೆದಿದ್ದೇನೆ. ಮನೆಗೆ ಬಂದ ನೆಂಟರು ಎದ್ದು ಹೋಗುವ ಮುನ್ನ 'ಹೊರಡ್ತೀನಿ' ಎಂದು ಎಷ್ಟು ಸಲ ಹೇಳಿದರು ಎಂಬುದಕ್ಕೂ ಒಂದು ಪಟ್ಟಿಯಿದೆ. ಅಮ್ಮನ ಸೋದರತ್ತೆಯದು ಒಂಬತ್ತು. ಅದನ್ನು ಇದುವರೆಗೆ ಯಾರೂ ಮೀರಿಲ್ಲ. ಜನಗಣತಿ ನಡೆದ ವರ್ಷ ಎಣಿಸುವವರು ಬಾಗಿಲಿಗೆ ಬಂದಾಗ ಅಮ್ಮ, "ನಮ್ಮನೇಲೇ ಒಬ್ಬ ಇದಾನೆ, ಅವನ್ನೇ ಕೇಳ್ಕೊಳ್ಳಿ" ಎಂದು ನನ್ನನ್ನು ಮುಂದೆ ತಳ್ಳಿ ಒಳಗೆ ಹೋಗಿದ್ದಳು.

ನಮ್ಮದು ಟೈಲರ್ ಮನೆ. ರಾಜಾಜಿನಗರದಲ್ಲಿ ಸೈಟುಗಳಿಗೆ ಕಲ್ಲು ನೆಟ್ಟು ಇನ್ನೂ ಮನೆಗಳು ಏಳುತ್ತಿದ್ದ ಕಾಲಕ್ಕೆ ಅಪ್ಪ ಕೇತಮಾರನಹಳ್ಳಿಯ ಮಗ್ಗುಲಲ್ಲಿ ಎರಡು ಕೋಣೆಯ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಹಾಕಿದರು. ಅವರು ಅಳತೆ ತೆಗೆಯುವುದನ್ನು ನೋಡಬೇಕು. ಎದೆಗೆ ಟೇಪು ಸುತ್ತಿದ ಮೇಲೆ ಅದರೊಳಗೆ ತಮ್ಮ ಬಲಗೈಯ ಎರಡು ಬೆರಳು ತೂರಿಸಿ ಆಮೇಲೆ ಅಂಕಿ ಓದುತ್ತಾರೆ. ಎಲ್ಲ ಟೈಲರುಗಳೂ ಹಾಗೆಯೇ. ಬಿಗಿಯಾಗಿ ಅಳೆದರೆ ಕೋಟು ಹಾಕಿಕೊಂಡವನು ಊಟ ಮಾಡಿ ಎದ್ದಾಗ ಗುಂಡಿ ಹಾರುತ್ತದೆ. "ಮನುಷ್ಯ ಅಂದ್ಮೇಲೆ ಉಸಿರಾಡೋಕೆ ಜಾಗ ಬಿಡ್ಬೇಕಲ್ಲಪ್ಪ" ಎನ್ನುವುದು ಅವರ ಮಾತು.

ಹೊಲಿದು ಮುಗಿದ ಶಾಲಾ ಕೋಟುಗಳನ್ನು ಇಸ್ತ್ರಿಗೆ ಮೊದಲು ನನಗೆ ತೊಡಿಸಿ ನೋಡುತ್ತಿದ್ದರು. ಯಾವ ಹುಡುಗನ ಕೋಟಾದರೂ ನನಗೆ ದೊಗಲೆ. ಹೆಗಲಿನಿಂದ ನೇರ ಕೆಳಗೆ ಇಳಿಯುತ್ತಿತ್ತು, ನಡುವೆ ಎಲ್ಲಿಯೂ ದೇಹ ಎಂಬುದು ಅದಕ್ಕೆ ಸಿಗುತ್ತಿರಲಿಲ್ಲ. ಒಂದು ದಿನ ಕೋಟು ಒಯ್ಯಲು ಬಂದ ನನ್ನ ತರಗತಿಯವನೊಬ್ಬ ಇದನ್ನು ನೋಡಿಬಿಟ್ಟ. ಮರುದಿನದಿಂದ ನಾನು 'ಹ್ಯಾಂಗರ್ ಸೀನ'. ಡ್ರಿಲ್ ಮೇಷ್ಟ್ರು ಕೂಡ ಹಾಜರಿಯಲ್ಲಿ ಹಾಗೆ ಕೂಗಿದ್ದುಂಟು. ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ನಾನು ಅಂಗಿ ಬಿಚ್ಚಿ ಬಾವಿಕಟ್ಟೆಯಲ್ಲಿ ಸ್ನಾನ ಮಾಡುವುದನ್ನೇ ಬಿಟ್ಟಿದ್ದೆ.

ಇಂಥ ನನಗೆ ಒಂದು ದೊಡ್ಡ ಕಾರ್ಖಾನೆಯಿಂದ ಅಪ್ರೆಂಟಿಸ್ ಕೆಲಸಕ್ಕೆ ಕರೆ ಬಂತು. ಲಿಖಿತ ಪರೀಕ್ಷೆ ಪಾಸಾಯಿತು. ಸಂದರ್ಶನದಲ್ಲಿ ನನ್ನ ಅಂಕಿ ಅಂಶದ ಉತ್ತರಗಳಿಗೆ ಸಾಹೇಬರು ತಲೆದೂಗಿದರು. ಕೊನೆಗೆ ಮೆಡಿಕಲ್. ಡಾಕ್ಟರು ಉಸಿರು ಪೂರ್ತಿ ಬಿಡಿಸಿ ಅಳೆದರು, ಮೂವತ್ತು. ಪೂರ್ತಿ ಎಳೆಸಿ ಅಳೆದರು, ಮೂವತ್ತೊಂದೂಕಾಲು. ಎದೆ ಎರಡು ಇಂಚು ಹಿಗ್ಗಬೇಕೆಂಬುದು ಅವರ ನಿಯಮ. ನನ್ನದು ಒಂದೂಕಾಲು. ಕಾಂಪೌಂಡರು ನನ್ನ ಕಾಗದದ ಮೇಲೆ ನೇರಳೆ ಮಸಿಯಲ್ಲಿ 'ಅನ್‌ಫಿಟ್' ಎಂದು ಮೊಹರು ಹೊಡೆದ. ಡಾಕ್ಟರು ವಯಸ್ಸಾದವರು, ಒಳ್ಳೆಯವರು. ಆರು ತಿಂಗಳಾದ ಮೇಲೆ ಒಂದೇ ಒಂದು ಸಲ ಮರುಪರೀಕ್ಷೆಗೆ ಅವಕಾಶವಿದೆ, ಅಷ್ಟರೊಳಗೆ ವ್ಯಾಯಾಮ ಗೀಯಾಮ ಮಾಡಿಕೊಂಡು ಬಾ ಎಂದರು. ಅವತ್ತು ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡೆನಲ್ಲ, ಅದೇ ನಾನು ಹೇಳಿದ ದಿನ. ಡೈರಿಯಲ್ಲಿ ಇಷ್ಟೇ ಇದೆ: 'ಕೊರತೆ ಮುಕ್ಕಾಲು ಇಂಚು.'

ಕೆಲಸ ಹೋದದ್ದಕ್ಕಿಂತ ಆ ಮೊಹರು ನನ್ನನ್ನು ಕೊರೆಯುತ್ತಿತ್ತು. ಇಷ್ಟು ದಿನ ಹುಡುಗರು ಹೇಳುತ್ತಿದ್ದದ್ದನ್ನು ಈಗ ಸರಿಯಾದ ಟೇಪಿನಲ್ಲಿ ಅಳೆದು, ರುಜು ಹಾಕಿ, ಖಾಯಂ ಮಾಡಿದಂತಾಗಿತ್ತು.

ಅಮ್ಮ ರಾಗಿ ಮಾಲ್ಟು ಹೆಚ್ಚು ಮಾಡಿದಳು. ಅಪ್ಪ ಮೂರನೆಯ ದಿನ ಗುಂಡಿ ಹೊಲಿಯುತ್ತ ಮುನಿಸ್ವಾಮಪ್ಪನವರ ಕಥೆ ತೆಗೆದರು. ಮುನಿಸ್ವಾಮಪ್ಪನವರು ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಅವರ ಬ್ಯಾಂಡಿಗೆಲ್ಲ ಜರಿಪಟ್ಟಿಯ ಕೆಂಪು ಕೋಟು ಹೊಲಿದವರು ಅಪ್ಪನೇ. ಊದುವವರ ಎದೆ ಬಹಳ ಉಬ್ಬುತ್ತದೆಂದು ಎಲ್ಲರಿಗೂ ಮೂರು ಬೆರಳು ಸಡಿಲ ಬಿಟ್ಟು ಅಳತೆ ತೆಗೆದಿದ್ದರಂತೆ. ಮುನಿಸ್ವಾಮಪ್ಪನ ಸರದಿ ಬಂದಾಗ ಊದಿ ತೋರಿಸಪ್ಪ ಎಂದರೆ, ಆತ ಒಂದು ಇಡೀ ರಾಗವನ್ನು ಒಂದೇ ದಮ್ಮಿನಲ್ಲಿ ಊದಿದನಂತೆ. ಎದೆ ಅಲುಗಲೇ ಇಲ್ಲವಂತೆ. "ಆ ಗಾಳಿ ಎಲ್ಲಿಟ್ಕೊಂಡಿದ್ದ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ" ಎಂದರು ಅಪ್ಪ. ಮುಂದಿನ ಹಲ್ಲುಗಳು ಬಿದ್ದ ಮೇಲೆ ಮುನಿಸ್ವಾಮಪ್ಪ ಕ್ಲಾರಿನೆಟ್ ಬಿಟ್ಟು, ಚಿಕ್ಕಂದಿನಲ್ಲಿ ಯಾರೋ ಸಾಧುವಿನ ಬಳಿ ಕಲಿತ ಯೋಗವನ್ನು ಬೆಳಗ್ಗೆ ನಾಲ್ಕು ಜನಕ್ಕೆ ಹೇಳಿಕೊಡುತ್ತಿದ್ದರು.

ಹೇಳಿಕೊಡುತ್ತಿದ್ದ ಜಾಗ ನಮ್ಮ ಮನೆಯಿಂದ ಆರುನೂರ ನಲವತ್ತು ಹೆಜ್ಜೆ. ಅದು ಯಾರೋ ಗುಮಾಸ್ತರ ಮನೆಯ ಪಾಯ. ಸಿಮೆಂಟಿನ ಪರ್ಮಿಟ್ಟು ಸಿಗದೆ ಕಟ್ಟಡ ಪಾಯಕ್ಕೇ ನಿಂತು, ಮೇಲೆ ಕಲ್ಲುಚಪ್ಪಡಿ ಹಾಸಿ ಬಿಟ್ಟಿದ್ದರು. ಗೋಡೆಗಳು ಇಲ್ಲದಿದ್ದರೂ ಗೋಡೆ ಬರಬೇಕಾದ ಗೆರೆಗಳಿದ್ದವು. ಹಾಗಾಗಿ ಎಲ್ಲರಿಗೂ ಕೋಣೆಗಳ ಹೆಸರಿನಲ್ಲೇ ಜಾಗ. ಅಂಚೆ ಪೇದೆ ಹನುಮಂತಯ್ಯ ಅಡುಗೆಮನೆಯಲ್ಲಿ, ಗಿರಣಿಯ ಇಬ್ಬರು ಅಣ್ಣತಮ್ಮಂದಿರು ನಡುಮನೆಯಲ್ಲಿ. ತಡವಾಗಿ ಬಂದವರಿಗೆ ಬಚ್ಚಲು. ಮೊದಲನೆಯ ದಿನವೇ ನನಗೆ ಬಚ್ಚಲು ಸಿಕ್ಕಿತು.

ಆ ಬೆಳಗನ್ನು ನಾನು ಬಹಳ ಸಲ ಬರೆಯಲು ಹೊರಟು ಕೈಬಿಟ್ಟಿದ್ದೇನೆ. ರಾಗಿ ಹೊಲಗಳ ಮೇಲೆ ಮಂಜು ಕೂತಿತ್ತು. ಪಡುವಣ ದಿಕ್ಕಿಗೆ ಒಂದು ನೀಲಿ ಗುಡ್ಡ ಇದ್ದೂ ಇಲ್ಲದಂತೆ. ಮುನಿಸ್ವಾಮಪ್ಪ ಬಂದು ಹೆಗಲ ವಸ್ತ್ರ ತೆಗೆದು ಕೂತರು. ನಾನು ಒಬ್ಬ ಜಟ್ಟಿಯನ್ನು ನಿರೀಕ್ಷಿಸಿದ್ದೆ. ಅವರ ಎದೆ ನನ್ನ ಎದೆಗಿಂತ ಕಿರಿದಾಗಿತ್ತು! ಪಕ್ಕೆಲುಬು ಎಣಿಸಬಹುದಿತ್ತು, ಎಣಿಸಿದೆ ಕೂಡ. ಅವರು ಕಣ್ಣು ಮುಚ್ಚಿ, ಮೂಗಿನಲ್ಲಿ ದುಂಬಿಯಂತೆ ಒಂದು ಸ್ವರ ಹಿಡಿದು ಉಸಿರು ಬಿಡತೊಡಗಿದರು. ಆ ಹೊತ್ತಿಗೆ ಮಾಗಡಿ ರಸ್ತೆಯ ತಿರುವಿನಲ್ಲಿ ಒಂದು ಎತ್ತಿನ ಗಾಡಿ ಕಾಣಿಸಿಕೊಂಡಿತು. ಗಾಡಿ ಹುಣಸೆ ಮರ ದಾಟಿತು. ಸ್ವರ ನಿಲ್ಲಲಿಲ್ಲ. ಗಾಡಿ ಊರ ಬಾವಿಯ ಹತ್ತಿರ ಬಂದಿತು. ಸ್ವರ ಹೆಚ್ಚಲೂ ಇಲ್ಲ, ತಗ್ಗಲೂ ಇಲ್ಲ. ಗಾಡಿಯವನು ನಮ್ಮ ಎದುರು ಹಾದು ಹೋಗುತ್ತ ಕತ್ತು ತಿರುಗಿಸಿ ನೋಡಿ ಮುಂದೆ ಹೋದ. ಆಗ ಎಲ್ಲೋ ಅದು ಮುಗಿಯಿತು. ಯಾವಾಗ ಮುಗಿಯಿತೆಂದು ನನಗೆ ತಿಳಿಯಲಿಲ್ಲ, ಯಾಕೆಂದರೆ ಮುಗಿದ ಮೇಲೂ ಅದು ಕೇಳುತ್ತಿತ್ತು. ಚಪ್ಪಡಿಯ ಮೇಲಿದ್ದ ನನ್ನ ಅಂಗೈಗೆ ಕಲ್ಲೇ ಮೆಲ್ಲಗೆ ಗುನುಗಿದಂತೆ ಅನಿಸಿತ್ತು. ನನ್ನ ಮೈಯ ರೋಮವೆಲ್ಲ ಎದ್ದು ನಿಂತಿತ್ತು.

ನಾನು ಕೇಳಿದ ಮೊದಲ ಪ್ರಶ್ನೆ, ತಿಂಗಳಿಗೆ ಎಷ್ಟು ಇಂಚು ಬರುತ್ತದೆ ಎಂದು.

ಅವರು ನನ್ನನ್ನೂ ನನ್ನ ಕೈಲಿದ್ದ ಡೈರಿಯನ್ನೂ ನೋಡಿದರು. "ಏನ್ ರೈಟರೇ, ಠಾಣೆಯಿಂದ ಬಂದ್ರಾ?" ಎಂದರು. ಅವತ್ತಿನಿಂದ ನಾನು ಅವರಿಗೆ ರೈಟರು. ಹ್ಯಾಂಗರಿಗಿಂತ ಮೇಲೆಂದು ಒಪ್ಪಿಕೊಂಡೆ.

ನನಗೂ ಅವರಿಗೂ ಮೊದಲ ದಿನದಿಂದ ಒಂದೇ ಜಗಳ. ನನಗೆ ಬೇಕಾದದ್ದು ಉಸಿರು ತೆಗೆದುಕೊಳ್ಳುವುದು, ಎದೆ ಉಬ್ಬುವುದು. ಅವರು ಕಲಿಸಿದ್ದೆಲ್ಲ ಬಿಡುವುದು. ಮುಂದೆ ಬಗ್ಗು, ಬಿಡು. ಅಂಗಾತ ಮಲಗು, ಬಿಡು. ಕಾಲು ಎತ್ತು, ಆಮೇಲೆ ನಿಧಾನವಾಗಿ ಇಳಿಸುತ್ತ ಬಿಡು. ಇನ್ನು ಏನೂ ಉಳಿದಿಲ್ಲ ಎಂದು ನಾನು ಕೈ ಸನ್ನೆ ಮಾಡಿದರೆ, "ಇನ್ನೂ ಐತೆ, ಬಿಡು" ಎನ್ನುತ್ತಿದ್ದರು. ಒಂದು ಸಲ ಸಿಟ್ಟು ಬಂದು, ತಗೊಳ್ಳೋದು ಯಾವಾಗ ಹೇಳಿಕೊಡ್ತೀರಿ ಎಂದೇ ಕೇಳಿದೆ.

"ತಗೊಳ್ಳೋದು ಹೇಳಿಕೊಡೋಕೆ ನಾನ್ಯಾರು ರೈಟರೇ? ಹುಟ್ಟಿದ ಮಗು ಯಾರನ್ ಕೇಳಿ ತಗೋತು? ಕ್ಲಾರಿನೆಟ್ಟು ಎಳ್ಕೊಂಡ್ರೆ ಕೂಗಲ್ಲ. ಬಿಟ್ರೆ ಕೂಗ್ತದೆ" ಎಂದರು.

ಇದನ್ನು ನಾನು ಡೈರಿಯಲ್ಲಿ ಬರೆದುಕೊಂಡೆ. ಅವರು ಹೇಳಿದ್ದನ್ನೆಲ್ಲ ಬರೆದುಕೊಂಡಿದ್ದೇನೆ: ಯಾವ ಆಸನಕ್ಕೆ ಮೊದಲು ಯಾವುದು, ಯಾರಿಗೆ ಯಾವುದು ಬೇಡ, ಹನುಮಂತಯ್ಯನ ಸೊಂಟ ನೋವಿಗೆ ಏನು. ಬರೆದದ್ದು ಅಷ್ಟೆ. ತಲೆಯೊಳಗೆ ಒಂದೂ ಇಳಿಯಲಿಲ್ಲ. ನನ್ನ ಕಣ್ಣು ಭಾನುವಾರದ ಮೇಲೆ ಇತ್ತು.

ಪ್ರತಿ ಭಾನುವಾರ ಕಾಫಿಯಾದ ಮೇಲೆ ಅಪ್ಪ ನನ್ನ ಎದೆ ಅಳೆಯುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಲ್ಲುತ್ತಿದ್ದಳು. ನಾನು ಉಸಿರು ಬಿಟ್ಟು "ಬಿಗಿ ಹಿಡೀರಿ" ಎನ್ನುತ್ತಿದ್ದೆ. ಅಪ್ಪ ಬಿಗಿ ಹಿಡಿದು ಓದುತ್ತಿದ್ದರು. ಆಮೇಲೆ ಉಸಿರೆಳೆದು, ಕಣ್ಣು ಹಿಗ್ಗಿಸಿ, ಅಪ್ಪನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದೆ. ಮೊದಲ ಮೂರು ವಾರ ಒಂದೂಕಾಲು. ಒಂದೂವರೆ ಆದದ್ದು ಒಂಬತ್ತನೆಯ ವಾರ. ಹದಿನೈದನೆಯ ವಾರ ಒಂದೂಮುಕ್ಕಾಲು. ಇಪ್ಪತ್ತೊಂದನೆಯ ಭಾನುವಾರ ಅಪ್ಪ ಟೇಪಿನ ಅಂಕಿಯನ್ನು ಎರಡು ಸಲ ನೋಡಿ, ದನಿ ತಗ್ಗಿಸಿ, "ಎರಡು" ಎಂದರು. ಅಮ್ಮ ಅವತ್ತು ಹೆಸರುಬೇಳೆ ಪಾಯಸ ಮಾಡಿದಳು. ಗ್ರಾಫ್ ಕಾಗದದಲ್ಲಿ ನಾನು ಒಂದು ನಕ್ಷೆ ಹಾಕಿದ್ದೆ. ಗೆರೆ ಮೆಟ್ಟಿಲಿನಂತೆ ಏರಿತ್ತು. ಅಷ್ಟು ಚೆಂದದ ನಕ್ಷೆಯನ್ನು ನಾನು ಶಾಲೆಯಲ್ಲೂ ಹಾಕಿರಲಿಲ್ಲ.

ಈ ನಡುವೆ ನೂರ ಮೂರನೆಯ ದಿನ ಒಂದು ಸಂಗತಿ ನಡೆಯಿತು. ಸಂಗತಿ ಎನ್ನಬಹುದೋ ಇಲ್ಲವೋ. ಎಲ್ಲ ಮುಗಿದು ಶವಾಸನದಲ್ಲಿ ಮಲಗಿದ್ದೆವು. ನಾನು ಎಂದಿನಂತೆ ಉಸಿರು ಎಣಿಸುತ್ತಿದ್ದೆ. ಹದಿನೇಳರ ಹತ್ತಿರ ಎಲ್ಲೋ ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಬೇಕು, ಮಾಡಲಿಲ್ಲ. ಉಸಿರು ತಾನಾಗಿ ಬರುತ್ತಿತ್ತು, ಹೋಗುತ್ತಿತ್ತು. ಇಷ್ಟು ದಿನ ನಾನು ಬೈದ, ಮುಚ್ಚಿಟ್ಟ, ಅಳೆಸಿದ ಈ ಮೂಳೆಗೂಡು, ನನ್ನನ್ನು ಒಂದು ಮಾತೂ ಕೇಳದೆ, ನಾನು ನಿದ್ದೆಹೋದಾಗಲೂ ಅತ್ತಾಗಲೂ, ಹುಟ್ಟಿದಂದಿನಿಂದ ಒಂದು ಸಲವೂ ತಪ್ಪದೆ ಈ ಕೆಲಸ ಮಾಡಿಕೊಂಡು ಬಂದಿದೆ ಎಂದು ಆಗ ಹೊಳೆಯಿತು. ಹೊಳೆಯಿತು ಎಂದರೆ ಸಾಲದು. ಕತ್ತಲಲ್ಲಿ ನಡೆಯುವಾಗ ಪಕ್ಕದಲ್ಲೇ ಯಾರೋ ಬಹಳ ಹೊತ್ತಿನಿಂದ ಜೊತೆಗೆ ನಡೆದು ಬರುತ್ತಿದ್ದಾರೆಂದು ತಿಳಿದರೆ ಹೇಗಿರುತ್ತದೆ, ಹಾಗೆ. ಕಣ್ಣು ತೆರೆದೆ. ಮೇಲೆ ಗರುಡವೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಆ ದಿನದ ಪುಟದಲ್ಲಿ ಒಂದೂ ಅಂಕಿಯಿಲ್ಲ. ಮರುದಿನದಿಂದ ಮತ್ತೆ ಇಂಚುಗಳೇ. ನಾನು ಅಷ್ಟು ಬೇಗ ಸುಧಾರಿಸುವವನಲ್ಲ.

ಮರುಪರೀಕ್ಷೆಯ ದಿನ ಡೈರಿಯನ್ನೂ ನಕ್ಷೆಯನ್ನೂ ಜೊತೆಗೆ ಒಯ್ದೆ. ಅದೇ ಡಾಕ್ಟರು. ಬಿಡಿಸಿ ಅಳೆದರು, ಎಳೆಸಿ ಅಳೆದರು.

"ಒಂದೂವರೆ" ಎಂದರು.

ಅವರ ಟೇಪು ಸರಿಯಿಲ್ಲವೆಂದೆ. ಇನ್ನೊಮ್ಮೆ ಅಳೆದರು. ಒಂದೂವರೆ. ನಾನು ಡೈರಿ ಬಿಡಿಸಿ, ಇಪ್ಪತ್ತಾರು ಭಾನುವಾರದ ಅಂಕಿಗಳನ್ನು ಅವರ ಮೇಜಿನ ಮೇಲೆ ಇಟ್ಟೆ. ಕಾಂಪೌಂಡರು ನಕ್ಕ. ಡಾಕ್ಟರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಪುಟ ಪುಟವನ್ನೂ ನೋಡಿದರು. ಅಳೆದವರು ಯಾರು ಎಂದು ಕೇಳಿದರು. ನಮ್ಮ ತಂದೆಯವರು ಎಂದೆ. ಅವರೇನು ಮಾಡ್ತಾರೆ ಎಂದರು. ಟೈಲರು ಎಂದೆ. ಡಾಕ್ಟರು ಮತ್ತೆ ಟೇಪು ತೆಗೆದುಕೊಂಡು, ಉಸಿರು ಎಳಿ ಎಂದರು. ಎಳೆದೆ. ಟೇಪಿನೊಳಗೆ ತಮ್ಮ ಎರಡು ಬೆರಳು ತೂರಿಸಿ ನನಗೆ ಅಂಕಿ ತೋರಿಸಿದರು.

ಮೂವತ್ತೆರಡು. ಪೂರ್ತಿ ಎರಡು ಇಂಚು.

"ಕೋಟ್‌ಗೆ ಸರಿ ಇದೆ ಕಣಯ್ಯಾ" ಎಂದರು. "ನನ್ನ ಫಾರಂಗೆ ಸರಿಯಾಗಲ್ಲ."

ನಾನು ಅಲ್ಲಿ ಏನು ಮಾಡಬೇಕಿತ್ತು? ಅಳಬೇಕಿತ್ತು, ಇಲ್ಲ ಜಗಳವಾಡಬೇಕಿತ್ತು. ಅಂಗಿ ತೊಟ್ಟುಕೊಂಡು ಗುಂಡಿ ಹಾಕುತ್ತ ನಿಂತೆ. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ಆರು ತಿಂಗಳು ಏನು ಮಾಡಿದೆ ಎಂದು ಕೇಳಿದರು. ಮುನಿಸ್ವಾಮಪ್ಪನವರ ವಿಷಯ ಹೇಳಿದೆ. ಅವರಿಗೆ ಅದೇನು ಕುತೂಹಲ ಹುಟ್ಟಿತೋ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸ್ತೀಯೋ ಎಣಿಸು, ಗಟ್ಟಿಯಾಗಿ ಎಂದರು.

ಎಣಿಸುವುದು ಅಂದರೆ ನನಗೆ ಹೇಳಿಕೊಡಬೇಕೇ. ಒಂದು, ಎರಡು ಎಂದು ಶುರುಮಾಡಿದೆ. ಇಪ್ಪತ್ತು, ಮೂವತ್ತು. ನಲವತ್ತಕ್ಕೆ ಕಾಂಪೌಂಡರು ಬರೆಯುವುದನ್ನು ನಿಲ್ಲಿಸಿದ. ಅರವತ್ತರ ಹತ್ತಿರ ಉಸಿರು ಮುಗಿಯಿತು ಎನಿಸಿತು. ಆಗ ಕಿವಿಯಲ್ಲಿ "ಇನ್ನೂ ಐತೆ" ಎಂಬ ದನಿ. ಇತ್ತು. ಹೊಟ್ಟೆಯ ತಳದಿಂದ, ಬೆನ್ನಿನಿಂದ, ನನಗೆ ಹೆಸರು ಗೊತ್ತಿಲ್ಲದ ಕಡೆಗಳಿಂದ ಅದು ಬರುತ್ತಲೇ ಇತ್ತು. ಅಂಕಿಗಳು ನನ್ನ ಬಾಯಿಂದ ಹೊರಬೀಳುವುದನ್ನು ನಾನೇ ಬೆರಗಾಗಿ ಕೇಳುತ್ತಿದ್ದೆ. ಎಂಬತ್ತೇಳಕ್ಕೆ ಮುಗಿಯಿತು.

ಡಾಕ್ಟರು ತಾವೂ ಪ್ರಯತ್ನಿಸಿದರು. ಮೂವತ್ತನಾಲ್ಕಕ್ಕೆ ಕೆಮ್ಮು ಬಂತು. ನೀರು ಕುಡಿದು, ನನ್ನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದರು.

"ಇದನ್ನ ಬರೆಯೋಕೆ ಕಾಲಮ್ಮೇ ಇಲ್ವಲ್ಲಯ್ಯಾ ಇದ್ರಲ್ಲಿ" ಎಂದರು.

ಮೊಹರು ಬಿತ್ತು. ಅದೇ ನೇರಳೆ ಮಸಿ. ಈ ಸಲ ನಾನು ಅದನ್ನು ಓದಿದೆ, ಮಡಚಿ ಜೇಬಿಗೆ ಹಾಕಿಕೊಂಡೆ, ಬಸ್ಸು ಹತ್ತದೆ ನಡೆದೆ. ದಾರಿಯುದ್ದ ಎಂಬತ್ತೇಳು, ಎಂಬತ್ತೇಳು ಎಂದು ಹೆಜ್ಜೆ ಹಾಕಿದೆ. ಹೆಜ್ಜೆ ಎಷ್ಟಾಯಿತೆಂದು ಮಾತ್ರ ಎಣಿಸಲಿಲ್ಲ.

ಮನೆ ಹತ್ತಿರವಾದಂತೆ ಬೇರೊಂದು ಭಯ ಹತ್ತಿತು. ಅಪ್ಪನಿಗೆ ಏನು ಹೇಳುವುದು? ಅಂಕಿ ಸುಳ್ಳಾದದ್ದು ಹೇಗೆಂದು ಹೇಳದೆ ಬಿಡಬಹುದು. ಆದರೆ ನಾನು ಬಾಗಿಲಿಗೆ ಬಂದಾಗ ಅಪ್ಪ ಮಿಷನ್ನಿನ ಚಕ್ರ ಕೈಯಲ್ಲಿ ಹಿಡಿದು ನಿಲ್ಲಿಸಿ, ಎಷ್ಟು ಎಂದು ಕೇಳಿದರು. ಒಂದೂವರೆ ಎಂದೆ. ಅವರು ತಮ್ಮ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡತೊಡಗಿದರು. ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

"ಬೇಕಂತ ಮಾಡ್ಲಿಲ್ಲ ಕಣೋ" ಎಂದರು. "ಮೊದಮೊದಲು ಬಿಗಿಯಾಗೇ ಹಿಡೀತಿದ್ದೆ. ನೀನು ಉಸಿರು ಎಳ್ಕೊಂಡು ನನ್ನ ಮುಖಾನೇ ನೋಡ್ತಿದ್ದೆ. ಬಿಗಿ ಹಿಡಿಯೋಕೆ ಕೈ ಬರ್ಲಿಲ್ಲ."

ನಾನು ಡೈರಿಯ ಆ ಇಪ್ಪತ್ತಾರು ಅಂಕಿಗಳನ್ನು ಹೊಡೆದು ಸರಿಯಾದದ್ದು ಬರೆಯಬೇಕೆಂದು ದಾರಿಯಲ್ಲಿ ಅಂದುಕೊಂಡಿದ್ದೆ. ಹೊಡೆಯಲಿಲ್ಲ. ಅವೂ ಅಳತೆಗಳೇ, ನನ್ನ ಎದೆಯವಲ್ಲ ಅಷ್ಟೆ.

ಮರುದಿನ ಪಾಯದ ಮೇಲೆ ಎಲ್ಲವನ್ನೂ ಮುನಿಸ್ವಾಮಪ್ಪನವರಿಗೆ ಹೇಳಿದೆ. ಒಂದೂಕಾಲು ಒಂದೂವರೆಯಾದದ್ದಾದರೂ ಹೇಗೆ, ನೀವು ಎಳೆಯುವುದನ್ನು ಕಲಿಸಲೇ ಇಲ್ಲವಲ್ಲ ಎಂದೆ. ಅವರು ತಮ್ಮ ಬೊಚ್ಚು ಬಾಯಿ ತೆರೆದು ಬಹಳ ಹೊತ್ತು ನಕ್ಕರು. ಆಮೇಲೆ, ಬರುವ ಕಾರ್ತಿಕದಲ್ಲಿ ತಾವು ಕೋಲಾರದ ಕಡೆ ಮಗಳ ಮನೆಗೆ ಹೋಗಿಬಿಡುವುದಾಗಿ ಹೇಳಿದರು. ಕಾಲು ಬಾತುಕೊಳ್ಳುತ್ತಿದ್ದವು, ಬೆಳಗಿನ ಚಳಿ ತಡೆಯಲಾಗುತ್ತಿರಲಿಲ್ಲ. ಹಾಗಾದರೆ ಇವರೆಲ್ಲ ಏನು ಮಾಡುತ್ತಾರೆ ಎಂದು ಕೇಳಿದೆ.

"ಎಲ್ಲಾ ಬರ್ಕೊಂಡಿದೀಯಲ್ಲ. ನನ್ದು ಮೈಯಾಗೈತೆ, ನನ್ ಜೊತೆ ಹೊಂಟೋಯ್ತದೆ. ನೀನು ಹೇಳ್ಕೊಡು" ಎಂದರು.

ನನಗೆ ಎದೆಯಿಲ್ಲ ಎಂದೆ. ಅದು ನನ್ನ ಬಾಯಿಗೆ ಅಭ್ಯಾಸವಾದ ಮಾತು. ಅವರು ತಮ್ಮ ವಸ್ತ್ರ ಸರಿಸಿ ತಮ್ಮ ಪಕ್ಕೆಲುಬುಗಳನ್ನು ತೋರಿಸಿದರು.

ಕಾರ್ತಿಕದಲ್ಲಿ ಅವರು ಹೋದರು. ಮೊದಲ ದಿನ ಅವರ ಜಾಗದಲ್ಲಿ ಕೂತು ಅಂಗಿ ಬಿಚ್ಚಬೇಕಾಗಿ ಬಂದಾಗ ಕೈ ಗುಂಡಿಯ ಮೇಲೆ ನಿಂತುಬಿಟ್ಟಿತು. ಎದುರಿಗೆ ಏಳು ಜನ. ಹನುಮಂತಯ್ಯ ಸೊಂಟ ಹಿಡಿದುಕೊಂಡು, "ಬೇಗ ಶುರು ಮಾಡಿ ಸಾರ್, ಟಪಾಲು ವಿಂಗಡಣೆಗೆ ಹೋಗ್ಬೇಕು" ಎಂದ. ಸಾರ್ ಎಂದದ್ದು ನನ್ನನ್ನು. ಬಿಚ್ಚಿದೆ. ಚಳಿಗಾಳಿ ಎದೆಗೆ ತಗುಲಿತು. ಯಾರೂ ನಗಲಿಲ್ಲ, ನನ್ನ ಎದೆಯನ್ನು ನೋಡುವ ಪುರುಸೊತ್ತೇ ಅವರಿಗಿರಲಿಲ್ಲ. ಅವರವರ ಸೊಂಟ, ಅವರವರ ಕೆಮ್ಮು, ಅವರವರ ನಿದ್ದೆಯಿಲ್ಲದ ಕಣ್ಣು ಹಿಡಿದುಕೊಂಡು ಬಂದಿದ್ದರು. ಮುಂದಿನ ವರ್ಷ ಇಲ್ಲಿಯ ಮಾಧ್ಯಮಿಕ ಶಾಲೆಯ ಹೆಡ್ಮೇಷ್ಟ್ರು ವಾರಕ್ಕೆ ಮೂರು ದಿನ ಬಂದು ಮಕ್ಕಳಿಗೆ ಹೇಳಿಕೊಡಪ್ಪ ಎಂದು ಕರೆದರು. ಮಿಕ್ಕ ಹೊತ್ತು ಅಪ್ಪನ ಜೊತೆ ಕಾಜ ಹೊಲಿಯುತ್ತೇನೆ. ಶಾಲೆಯಲ್ಲಿ ಎದೆ ಒಳಗಿಟ್ಟುಕೊಂಡು ಹಿಂದಿನ ಸಾಲಿಗೆ ಸರಿಯುವ ಹುಡುಗರನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಅವರನ್ನು ಮುಂದೆ ಕರೆಯುವುದಿಲ್ಲ. ನಾನೇ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತೇನೆ.

ಆದರೂ ಅಪ್ಪನ ಮನಸ್ಸು ಒಪ್ಪಿರಲಿಲ್ಲ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಈ ವರ್ಷ ಪತ್ರಿಕೆಯಲ್ಲಿ ಮತ್ತೊಂದು ಕಾರ್ಖಾನೆಯ ಜಾಹೀರಾತು ಬಂದಾಗ ಅದನ್ನು ನೀಟಾಗಿ ಕತ್ತರಿಸಿ, ನಾನು ಕೂರುವ ಮಣೆಯ ಮೇಲೆ ಕತ್ತರಿಯ ಭಾರವಿಟ್ಟು ಇರಿಸಿದ್ದರು. ವಯಸ್ಸು ಸರಿಯಿತ್ತು, ಓದು ಸರಿಯಿತ್ತು, ಕೆಳಗೆ ಎದೆಯ ಎರಡು ಇಂಚು ಇದ್ದೇ ಇತ್ತು. ನಾನು ಅದನ್ನು ಎರಡು ಸಲ ಓದಿದೆ. ಕತ್ತರಿಯನ್ನು ಅದರ ಜಾಗಕ್ಕೆ ಇಟ್ಟು, ಕಾಗದವನ್ನು ಅಪ್ಪನ ಕಡೆ ಸರಿಸಿದೆ.

"ಹಾಕಲ್ಲ ಅಪ್ಪ" ಎಂದೆ. "ನನಗೆ ಇಷ್ಟು ಸಾಕು."

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಸೂಜಿಗೆ ದಾರ ಪೋಣಿಸತೊಡಗಿದರು. ದಾರ ಒಳಹೋಗಲು ಬಹಳ ಹೊತ್ತು ಹಿಡಿಯಿತು.

ಅದಾದ ಸೋಮವಾರ ಬೆಳಗ್ಗೆ ನಾನು ಹೇಳಿಕೊಡಲು ಕೂತಿದ್ದಾಗ ರಸ್ತೆಯ ಕಡೆಯಿಂದ ಯಾರೋ ಚಾಪೆ ಸುರುಳಿ ಕಂಕುಳಲ್ಲಿ ಹಿಡಿದು ಬರುವುದು ಕಾಣಿಸಿತು. ಹತ್ತಿರ ಬಂದಮೇಲೆ ಅಪ್ಪ ಎಂದು ತಿಳಿಯಿತು. ಯಾರನ್ನೂ ಮಾತಾಡಿಸದೆ ಕೊನೆಯಲ್ಲಿ ಚಾಪೆ ಬಿಡಿಸಿದರು. "ಏನ್ ಮಾಡ್ಬೇಕು ಹೇಳಿ ಮೇಷ್ಟ್ರೇ" ಎಂದರು. ನಡುಮನೆಯ ಅಣ್ಣತಮ್ಮಂದಿರು ನಕ್ಕರು. ಅಪ್ಪ ನಗುತ್ತಿರಲಿಲ್ಲ.

ಮಲಗಿ ಎಂದೆ. ಮಲಗಿದರು. ಆಗ ನೋಡಿದೆ, ಅವರ ಬೆನ್ನು ನೆಲಕ್ಕೆ ತಗುಲುತ್ತಿರಲಿಲ್ಲ. ಮೂವತ್ತು ವರ್ಷ ಮಿಷನ್ನಿನ ಮೇಲೆ ಬಗ್ಗಿ ಬಗ್ಗಿ ಹೆಗಲುಗಳು ಮುಂದಕ್ಕೆ ಮಡಚಿಕೊಂಡು, ಮಲಗಿದರೂ ಅವರು ಹೊಲಿಯುತ್ತಿರುವಂತೆಯೇ ಇದ್ದರು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಎಲ್ಲವನ್ನೂ ಎಣಿಸಿ ಬರೆದು, ನಾನು ಇದನ್ನು ಕಂಡಿರಲಿಲ್ಲ. ಅವರ ತಲೆಯ ಪಕ್ಕದಲ್ಲಿ ಮೊಳಕಾಲೂರಿ ಕೂತು, ಬಾಯಿ ತೆರೆದು ನಿಧಾನವಾಗಿ ಉಸಿರು ಬಿಡಿ ಎಂದೆ. ಬಿಟ್ಟರು. ಸ್ವಲ್ಪವೇ ಬಂತು. ಮತ್ತೆ ಬಿಡಿ ಎಂದೆ. ಏಳು ಜನ ತಮ್ಮ ತಮ್ಮ ಜಾಗದಲ್ಲಿ ಸದ್ದಿಲ್ಲದೆ ಮಲಗಿದ್ದರು. ಎಷ್ಟನೆಯ ಸಲವೋ ಕಾಣೆ, ಅಪ್ಪನ ಎಡ ಹೆಗಲು ಸಣ್ಣಗೆ ನಡುಗಿ ಚಾಪೆಯ ಮೇಲೆ ಇಳಿಯಿತು. ಆಮೇಲೆ ಬಲ ಹೆಗಲು. ಆಮೇಲೆ ಬೆನ್ನು, ಒಂದೊಂದೇ ಮೂಳೆಯಾಗಿ, ಭೂಮಿ ಹೊರುತ್ತದೆಂದು ಈಗ ನಂಬಿಕೆ ಬಂದ ಹಾಗೆ.

ಕಣ್ಣು ಮುಚ್ಚಿಕೊಂಡೇ ಅಪ್ಪ, "ಸಾಕೇನೋ?" ಎಂದು ಕೇಳಿದರು.

"ಇನ್ನೂ ಇದೆ ಅಪ್ಪ" ಎಂದೆ. "ಬಿಡಿ."

ಅಪ್ಪ ಬಿಟ್ಟರು.